ಥೀಸಿಸ್ ಮುಗಿಯಿತು, ಥ್ಯಾಂಕ್ಸ್ ಬಾಕಿ ಇದೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಐದು ವರ್ಷ ಸಾಕು ಅಂದುಕೊಂಡಿದ್ದವನಿಗೆ ಎಂಟು ವರ್ಷ ಹಿಡಿಯಿತು. ಅಷ್ಟು ವರ್ಷ ಸಹಿಸಿಕೊಂಡವರಿಗೆ ಒಂದು ಮಾತು ಹೇಳಬೇಕಲ್ವಾ?

ಮೊದಲು ಅಕ್ಕನಿಗೆ. "ನೀನು ಮಾಡ್ತಿರೋದಾದ್ರೂ ಏನು?" ಎಂದು ಅವಳು ಕೇಳಿದಾಗಲೆಲ್ಲ ನಾನು ಜಾರಿಕೊಂಡಿದ್ದೇನೆ. ಇಗೋ ಉತ್ತರ. ಸಾವಿರ ಬಿಂದು ಇಡು. ಪ್ರತಿ ಜೋಡಿಗೂ ಒಂದೊಂದು ಚೀಟಿ ಎತ್ತಿ, ಅದೃಷ್ಟ ಇದ್ದರೆ ನಡುವೆ ಗೆರೆ ಎಳೆ. ಇದೇ ರ‍್ಯಾಂಡಮ್ ಗ್ರಾಫ್. ಗೆರೆಗಳು ಎಷ್ಟಾದಾಗ ಒಂದು ಬಿಂದುವೂ ಉಳಿಯದಂತೆ ಎಲ್ಲವನ್ನೂ ಜೋಡಿ ಮಾಡಬಹುದು? ಬಿಂದುವಿಗೆ ಸರಾಸರಿ ಏಳರ ಆಸುಪಾಸು. ಗಣಿತಜ್ಞರಾದ ಎರ್ಡಿಶ್ ಮತ್ತು ರೇನಿ 1966ರಲ್ಲೇ ಇದನ್ನು ತೋರಿಸಿದರು. ಅದಕ್ಕಿಂತ ತೀರಾ ಕಡಿಮೆ ಇದ್ದರೆ ಯಾವುದೋ ಬಿಂದು ಒಂದೂ ಗೆರೆ ಸಿಗದೆ ಒಂಟಿಯಾಗಿ ಕೂತಿರುತ್ತದೆ. ಮಜಾ ಏನೆಂದರೆ, ದೊಡ್ಡ ಅಡ್ಡಿ ಅದೊಂದೇ.

ಒಂದು ಗೆರೆ ಮೂರು ಬಿಂದುಗಳನ್ನು ಹಿಡಿದರೆ ಅದು ಹೈಪರ್‌ಗ್ರಾಫ್. (ಆಗ 999 ಬಿಂದು ಇಡು, ಮೂರರಿಂದ ಭಾಗವಾಗಬೇಕು.) ಇಲ್ಲಿ ಅದೇ ಪ್ರಶ್ನೆಯನ್ನು, ಜೋಡಿಯ ಬದಲು ಮೂರು ಮೂರರ ಗುಂಪಿಗೆ, ಕೇಳಿದವರು ಗಣಿತಜ್ಞ ಶಮೀರ್. ಅದು ದಶಕಗಳ ಕಾಲ ಎಲ್ಲರನ್ನೂ ಸತಾಯಿಸಿತು. 2008ರಲ್ಲಿ ಜೊಹಾನ್ಸನ್, ಕಾನ್, ವು ಬಿಡಿಸಿದರು.

ಇನ್ನು ನನ್ನ ಗೈಡ್. ಸಿಕ್ಕಿದ್ದನ್ನು ಆರಿಸುತ್ತಾ ಹೋದರೆ ಬಹುಪಾಲು ಬಿಂದುಗಳು ಸುಲಭವಾಗಿ ಹೊಂದಿಕೊಳ್ಳುತ್ತವೆ. ಕೊನೆಯ ಹತ್ತಿಪ್ಪತ್ತು ಮಾತ್ರ ಯಾರ ಜೊತೆಗೂ ಸೇರುವುದಿಲ್ಲ. ನಾನು ಪ್ರತಿ ಸಲ ಬೋರ್ಡ್ ತುಂಬ ಬರೆದು ನಿಂತಾಗ ಅವರು ಕೇಳುತ್ತಿದ್ದುದು ಒಂದೇ ಮಾತು: "ಉಳಿದವು?" ಶುರುವಿನಲ್ಲೇ ಒಂದಿಷ್ಟು ಬಿಂದುಗಳನ್ನು ಪಕ್ಕಕ್ಕೆ ಎತ್ತಿಡಬೇಕು, ಕೊನೆಗೆ ಯಾವ ನಾಲ್ಕಾರು ಉಳಿದರೂ ಎತ್ತಿಟ್ಟವು ಅವನ್ನು ಒಳಗೆ ಎಳೆದುಕೊಳ್ಳುವಂತಿರಬೇಕು. ರೋಡಲ್, ರುಚಿನ್ಸ್ಕಿ, ಸೆಮೆರೆಡಿ ಬೆಳೆಸಿದ ಈ ಉಪಾಯ ನನ್ನ ತಲೆಗೆ ಹೋಗಲು ಒಂದು ವರ್ಷ ಬೇಕಾಯಿತು.

2019ರ ಅಕ್ಟೋಬರ್ ಮರೆಯುವಂತಿಲ್ಲ. ಫ್ರಾಂಕ್ಸ್‌ಟನ್, ಕಾನ್, ನಾರಾಯಣನ್, ಪಾರ್ಕ್ ಸೇರಿ ಬರೆದ ಪೇಪರ್ ಬಂತು: ಇಂಥ ಜೋಡಣೆ ಎಷ್ಟು ಗೆರೆಗಳಿದ್ದರೆ ಇದ್ದೇ ಇರುತ್ತದೆ ಎಂದು ಹೇಳುವ ಪೇಪರ್. ನಾನು ಮೂರು ವರ್ಷ ಕೂತು ಕಟ್ಟಿದ ಮುಖ್ಯ ಪ್ರಮೇಯ ಅದರಿಂದ ಅರ್ಧ ಪುಟದಲ್ಲಿ ಬರುತ್ತಿತ್ತು. ಎರಡು ದಿನ ಮಾತಾಡಲಿಲ್ಲ. ಆಗ ಪಕ್ಕದ ಟೇಬಲ್ಲಿನ ಗೆಳತಿ ಆ ಪೇಪರನ್ನು ಪ್ರಿಂಟ್ ಹಾಕಿಕೊಂಡು ಬಂದು, "ಅಳೋದಾದ್ರೆ ಪೂರ್ತಿ ಓದಿ ಅಳು" ಎಂದಳು. ಸಾಲು ಸಾಲಾಗಿ ಓದಿದೆವು. ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ಗೊತ್ತಿಲ್ಲ, ಪ್ರೂಫ್ ಅಷ್ಟು ಚೆಂದ. ಕಡೆಯ ಪುಟ ಮುಗಿದಾಗ ಅವಳೇ ಕೇಳಿದ್ದು: "ಇದೆ ಅಂತ ಗೊತ್ತಾಯ್ತು. ಹುಡುಕೋದು ಹೇಗೆ?" ನನ್ನ ಥೀಸಿಸ್ ಹುಟ್ಟಿದ್ದು ಅಲ್ಲಿ. 2022ರಲ್ಲಿ ಪಾರ್ಕ್ ಮತ್ತು ಫಾಮ್ ಆರೇ ಪುಟದಲ್ಲಿ, ಆ ಪೇಪರ್ ತೋರಿಸಿದ್ದಕ್ಕಿಂತ ಬಲವಾದ ಕಾನ್-ಕಲೈ ಊಹೆಯನ್ನು ಪೂರ್ತಿ ಸಾಧಿಸಿದಾಗ ನಾನು ಆರಾಮಾಗಿ ಚಪ್ಪಾಳೆ ತಟ್ಟಿದೆ. ಹುಡುಕುವ ಕೆಲಸ ಇನ್ನೂ ಉಳಿದಿತ್ತಲ್ಲ!

ಮೂರನೇ ಅಧ್ಯಾಯದಲ್ಲಿ ಒಂದೇ ಗೆರೆಯನ್ನು ಎರಡು ಸಲ ರ‍್ಯಾಂಡಮ್ ಎಂದು ಬಳಸಿದ್ದೆ, ಅಂದರೆ ಒಮ್ಮೆ ಎತ್ತಿ ನೋಡಿದ ಚೀಟಿಯನ್ನೇ ಮತ್ತೆ ಹೊಸದು ಎಂದುಕೊಂಡಿದ್ದೆ. ಅದನ್ನು ಹಿಡಿದ ಪರೀಕ್ಷಕರಿಗೆ ನಮಸ್ಕಾರ. ಸರಿಪಡಿಸಲು ನಾಲ್ಕು ತಿಂಗಳು ಹೋಯಿತು, ಆ ನಾಲ್ಕು ತಿಂಗಳು ಅವರನ್ನು ಮನಸ್ಸಲ್ಲೇ ಬೈದದ್ದಕ್ಕೆ ಕ್ಷಮೆಯೂ ಇರಲಿ.

ಇದರ ಮೊದಲ ಭಾಗವನ್ನು ನಿನ್ನೆ ಅಕ್ಕನಿಗೆ ಫೋನಲ್ಲಿ ಓದಿ ಹೇಳಿದೆ.

"ಲಕ್ಷ ಬಿಂದು ಇದ್ರೆ ಎಷ್ಟು ಗೆರೆ?"

"ಒಂದಕ್ಕೆ ಹನ್ನೊಂದೂವರೆ."

"ಅಷ್ಟೇನಾ?"

ಎಂಟು ವರ್ಷದ ಹಿಂದೆ ನಾನೂ ಹಾಗೇ ಕೇಳಿದ್ದೆ.