ಪ್ರೊಗ್ ರಾಕ್ ಕೇಳಲು ಸಂಗೀತ ವಿಮರ್ಶಕರನ್ನೇ ಕಳುಹಿಸಿ

ಸಂಪಾದಕರಿಗೆ,

ಮಾನ್ಯರೇ,

ರಾಕ್ ಸಂಗೀತೋತ್ಸವದ ವರದಿ ಎಂದರೆ ನಮ್ಮ ಪತ್ರಿಕೆಗಳಲ್ಲಿ ಬ್ಯಾಂಡಿನ ಹೆಸರು, ಸೇರಿದ ಜನ, ಬಣ್ಣದ ದೀಪ ಇಷ್ಟಕ್ಕೇ ಮುಗಿಯುತ್ತದೆ. ಯಾರು ಏನು ನುಡಿಸಿದರು, ಹೇಗೆ ನುಡಿಸಿದರು ಎಂಬುದು ಬರುವುದೇ ಇಲ್ಲ. ಬೇರೆ ರಾಕ್ ಪ್ರಕಾರಗಳಿಗೆ ಇದು ಹೇಗೋ ನಡೆದೀತು, ಉದ್ದನೆಯ ರಚನೆ, ಜಟಿಲ ತಾಳಗಳ ಪ್ರೊಗ್ರೆಸಿವ್ ರಾಕ್‌ಗೆ, ಅಂದರೆ ಪ್ರೊಗ್‌ಗೆ, ನಡೆಯದು. ಅದು ಕೂತು, ಎಣಿಕೆ ಹಾಕುತ್ತ ಕೇಳುವ ಸಂಗೀತ. 1999ರಲ್ಲಿ ಶುರುವಾಗಿ 2012ಕ್ಕೆ ಕೊನೆಗೊಂಡ ಅಮೆರಿಕದ ಪ್ರೊಗ್ ಉತ್ಸವ ನಿಯರ್‌ಫೆಸ್ಟ್ ಹೆಚ್ಚಿನ ವರ್ಷ ನಡೆದದ್ದು ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ. ಅಲ್ಲಿನ ಕೇಳುಗರು ನಮ್ಮ ರಾಮನವಮಿ ಕಛೇರಿಯ ಮುಂದಿನ ಸಾಲಿನವರ ಥರದವರೇ.

ಆ ಉತ್ಸವದಲ್ಲಿ 2009 ಮತ್ತು 2012ರಲ್ಲಿ ನುಡಿಸಿದ ಬ್ರಿಟನ್ನಿನ ವ್ಯಾನ್ ಡರ್ ಗ್ರಾಫ್ ಜನರೇಟರ್ ತಂಡವನ್ನೇ ತೆಗೆದುಕೊಳ್ಳಿ. ವೇದಿಕೆಯಲ್ಲಿ ಮೂವರೇ. ಪೀಟರ್ ಹ್ಯಾಮಿಲ್ ಹಾಡುತ್ತ ಪಿಯಾನೊ, ಗಿಟಾರ್ ನುಡಿಸುತ್ತಾರೆ, ಗೈ ಇವಾನ್ಸ್ ಡ್ರಮ್ಸ್, ಹ್ಯೂ ಬ್ಯಾಂಟನ್ ಆರ್ಗನ್. ಬೇಸ್ ಗಿಟಾರಿಗೆಂದೇ ಬೇರೆ ವಾದಕರಿಲ್ಲ. ಅದು ನುಡಿಸುವ ಮಂದ್ರ ಸ್ವರಗಳನ್ನು ಬ್ಯಾಂಟನ್ ಹೆಚ್ಚಾಗಿ ಕಾಲಲ್ಲಿ ಪೆಡಲ್ ತುಳಿದು ನುಡಿಸುತ್ತಾರೆ, ಕೈಗಳೆರಡೂ ಮೇಲೆ ಬೇರೆಯೇ ಕೆಲಸದಲ್ಲಿರುತ್ತವೆ. ಇಂಥ ತಂಡ ಬಂದಾಗ ಎಡವಟ್ಟಾಗುವುದು ಎಲ್ಲ ವಾದ್ಯಗಳ ಸದ್ದನ್ನು ಬೆರೆಸುವ ಸೌಂಡ್ ಮಿಕ್ಸರಿನಲ್ಲಿ. ಕೀಬೋರ್ಡಿನ ಸದ್ದು ಬರುವ ಚಾನೆಲ್‌ಗಳ ತಳದ ಸದ್ದನ್ನು ಕತ್ತರಿಸುವುದು ಅನೇಕ ಸೌಂಡ್ ಎಂಜಿನಿಯರ್‌ಗಳಿಗೆ ಕೈಗೆ ಬಂದ ಅಭ್ಯಾಸ. ಆರ್ಗನ್‌ಗೂ ಅದನ್ನೇ ಮಾಡಿದರೆ ಇಡೀ ಸಂಗೀತದ ತಳಪಾಯ ಕುಸಿಯುತ್ತದೆ. ಪೆಡಲ್‌ಗೆ ಮಿಕ್ಸರಿಗೆ ಹೋಗುವ ಪ್ರತ್ಯೇಕ ಲೈನ್ ಕೊಟ್ಟರೆ ತೊಂದರೆಯಿಲ್ಲ. ಇದನ್ನರಿಯದ ವರದಿಗಾರ ‘ತಂಡದ ನುಡಿಸಾಣಿಕೆ ತೆಳುವಾಗಿತ್ತು’ ಎಂದು ಬರೆದುಬಿಟ್ಟರೆ ತಪ್ಪು ಕಲಾವಿದನ ತಲೆಗೆ ಬರುತ್ತದೆ.

ಇನ್ನು ಮೆಲೊಟ್ರಾನ್. 2003 ಮತ್ತು 2012ರಲ್ಲಿ ನಿಯರ್‌ಫೆಸ್ಟ್‌ನಲ್ಲಿ ನುಡಿಸಿದ ಸ್ವೀಡನ್ನಿನ ಎಂಗ್ಲಗೋರ್ಡ್ ತಂಡದ ನಾದಕ್ಕೆ ಅದೇ ಜೀವಾಳ. ನೋಡಲು ಕೀಬೋರ್ಡಿನಂತಿದ್ದರೂ ಅದರೊಳಗಿರುವುದು ಟೇಪು. ಎಂ400 ಮಾದರಿಯಲ್ಲಿ 35 ಕೀಗಳು, ಒಂದೊಂದರ ಕೆಳಗೂ ಪಿಟೀಲು, ಕೊಳಲು ಅಥವಾ ಗಾಯನ ಮುದ್ರಿಸಿದ ಒಂದು ಟೇಪಿನ ಪಟ್ಟಿ. ಕೀ ಒತ್ತಿದೊಡನೆ ರಬ್ಬರ್ ಗಾಲಿ ಟೇಪನ್ನು ತಿರುಗುತ್ತಿರುವ ಸರಳಿಗೆ ಒತ್ತಿ ಎಳೆಯುತ್ತದೆ. ಸುಮಾರು 8 ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಂತೇ ಹೋಗುತ್ತದೆ. ಬೆರಳೆತ್ತಿದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆದು ಮತ್ತೆ ಸಜ್ಜುಗೊಳಿಸುತ್ತದೆ. ಹಾಗಾಗಿ ನುಡಿಸುವವರು ಒಂದೊಂದೇ ಬೆರಳನ್ನು ಸರದಿಯಂತೆ ಎತ್ತುತ್ತ, ಜೇಡ ನಡೆದಂತೆ ಕೈಯಾಡಿಸಬೇಕು. ಒಮ್ಮೆಗೇ ಹೆಚ್ಚು ಕೀ ಒತ್ತಿದರೆ ಮೋಟಾರಿನ ಮೇಲೆ ಭಾರ ಬಿದ್ದು ಶ್ರುತಿ ಇಳಿಯುತ್ತದೆ. ವೋಲ್ಟೇಜ್ ಏರಿಳಿದರೂ ಅದೇ ಗತಿ, ತೇವ ಹಿಡಿದರೆ ಟೇಪು ಅಂಟಿಕೊಳ್ಳುತ್ತದೆ. ತೂಕ 50 ಕಿಲೋಗೂ ಹೆಚ್ಚು. ಅದಕ್ಕೇ ಈಗ ಹಲವು ತಂಡಗಳು ಡಿಜಿಟಲ್ ನಕಲನ್ನು ತರುತ್ತವೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಟೇಪು ಸ್ವರ ಹಿಡಿಯುವಾಗಿನ ಆ ಸಣ್ಣ ನಡುಕ, ಮುಗಿಯುವ ಮೊದಲೇ ಕೈ ಬದಲಿಸುವ ಆ ಆತುರ ಕಿವಿಗೆ ಬೀಳುವ ಸುಖವೇ ಬೇರೆ.

ತಾಳದ ಮಾತಿಗೆ ಬಂದರೆ ಕನ್ನಡದ ಕೇಳುಗರಿಗೆ ಹೊಸ ಪಾಠವೇ ಬೇಡ. ಪ್ರೊಗ್ ಬ್ಯಾಂಡುಗಳ ಏಳರ ಎಣಿಕೆ ನಮ್ಮ ಮಿಶ್ರ ಛಾಪುವಿನ ನೆಂಟ. ನಾವು ‘ತಕಿಟ ತಕಧಿಮಿ’ ಎಂದರೆ ಅವರು ಎಷ್ಟೋ ಸಲ ತಿರುಗಿಸಿ ‘ತಕಧಿಮಿ ತಕಿಟ’ ಎನ್ನುತ್ತಾರೆ. ಗಿಟಾರ್ ಏಳರಲ್ಲಿ, ಡ್ರಮ್ಸ್ ನಾಲ್ಕರಲ್ಲಿ ಹೊರಟರೆ ಇಬ್ಬರೂ ಸಮಕ್ಕೆ ಸೇರುವುದು 28 ಎಣಿಕೆಯ ನಂತರ. ಆ ಸೇರುವ ಜಾಗ ಚೊಕ್ಕವಾಗಿ ಬಿತ್ತೇ, ಯಾರಾದರೂ ಹೊಂದಿಸಿಕೊಳ್ಳಲು ತಡವರಿಸಿದರೇ ಎನ್ನುವುದೇ ವಿಮರ್ಶೆಯ ಜೀವ. 2003ರಲ್ಲಿ ನಿಯರ್‌ಫೆಸ್ಟ್‌ಗೆ ಬಂದಿದ್ದ ಫ್ರಾನ್ಸಿನ ಮ್ಯಾಗ್ಮಾ ತಂಡದ ನಾಯಕ ಕ್ರಿಸ್ಟಿಯಾನ್ ವಾಂಡೇರ್ ಡ್ರಮ್ಸ್ ಮುಂದೆ ಕೂತೇ ತಂಡವನ್ನು ನಡೆಸುವವರು. ಅವರು ಹಾಡಿಗಾಗಿ ಕಟ್ಟಿದ ಕೊಬಾಯನ್ ಭಾಷೆ ಯಾರಿಗೂ ಅರ್ಥವಾಗಬೇಕಿಲ್ಲ, ಬಾಯಲ್ಲಿ ತಾಳದ ಸೊಲ್ಲು ನುಡಿಯುವ ಕೊನ್ನಕೋಲಿನಂತೆ ಕೇಳಿದರೆ ಸಾಕು.

ಬಯಲು ಉತ್ಸವಗಳಲ್ಲಿ ಇನ್ನೊಂದು ತೊಡಕಿದೆ. ಸದ್ದು 100 ಮೀಟರ್ ಸಾಗಲು ಸುಮಾರು 0.3 ಸೆಕೆಂಡು ಬೇಕು. ಹಿಂದೆ ನಿಂತವರಿಗೆ ಪೆಟ್ಟು ಅಷ್ಟು ತಡವಾಗಿ ಕೇಳುತ್ತದೆ, ಅವರ ಚಪ್ಪಾಳೆ ವೇದಿಕೆಗೆ ತಲುಪಲು ಮತ್ತೆ ಅಷ್ಟೇ ಹೊತ್ತು. ನಿಮಿಷಕ್ಕೆ 120 ಎಣಿಕೆಯ ಲಯದಲ್ಲಿ ಒಂದು ಎಣಿಕೆ 0.5 ಸೆಕೆಂಡು. ಅಂದರೆ ಚಪ್ಪಾಳೆ ಬರುವಷ್ಟರಲ್ಲಿ ಡ್ರಮ್ಮರ್ ಒಂದು ಎಣಿಕೆ ದಾಟಿಯೇ ಹೋಗಿರುತ್ತಾನೆ. ಏಳರ ಎಣಿಕೆಗೆ ಜನ ನಾಲ್ಕರ ಚಪ್ಪಾಳೆ ಹಾಕಿದರಂತೂ ಮುಗಿಯಿತು. ತಂಡದ ಸದ್ದನ್ನು ನೇರ ಕಿವಿಗೆ ಕೊಡುವ ಪುಟ್ಟ ಸ್ಪೀಕರ್, ಅಂದರೆ ಕಿವಿಯೊಳಗಿನ ಮಾನಿಟರ್ ಹಾಕಿಕೊಂಡವರು ಅದನ್ನು ‘ಕೇಳುಗರ ಜೊತೆ ಬೆರೆಯದ ಬಿಗುಮಾನ’ದಿಂದ ಹಾಕಿಕೊಂಡಿರುವುದಿಲ್ಲ.

ಒಂದು ತಂಡ ಇಳಿದು ಇನ್ನೊಂದು ಏರಲು ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಾನೆಲ್‌ಗಳಲ್ಲಿ ಸದ್ದು ಬರುತ್ತಿದೆಯೇ ಎಂದು ನೋಡುವ ಲೈನ್ ಚೆಕ್ ಆದರೆ ಪುಣ್ಯ. ಪೂರ್ತಿ ಸೌಂಡ್ ಚೆಕ್ ಆಗುವುದು ಮೊದಲ ಹಾಡಿನಲ್ಲೇ. ದಯವಿಟ್ಟು ಆ ಹಾಡಿನ ಮೇಲೆ ತೀರ್ಪು ಬರೆಯಬೇಡಿ, ಎರಡನೆಯದರಿಂದ ಕೇಳಿ.

ಕರ್ನಾಟಕ ಸಂಗೀತವನ್ನೂ ಪ್ರೊಗ್ರೆಸಿವ್ ರಾಕನ್ನೂ ಬೆಸೆದ ‘ಅಗಂ’ನಂಥ ಬ್ಯಾಂಡು ಬೆಂಗಳೂರಿನಲ್ಲೇ ಇದೆ. ಕೃತಿ, ತಾಳ, ಹಾಡು ತಾಳದಲ್ಲಿ ಎತ್ತಿಕೊಳ್ಳುವ ಜಾಗವಾದ ಎಡುಪು ಬಲ್ಲ ವಿಮರ್ಶಕರು ನಿಮ್ಮ ಪತ್ರಿಕೆಯಲ್ಲೇ ಇದ್ದಾರೆ. ಮುಂದಿನ ಸಲ ಇಂಥ ತಂಡಗಳು ನುಡಿಸುವ ಉತ್ಸವಕ್ಕೆ ಅವರನ್ನೇ ಕಳುಹಿಸಿ. ಗಣ್ಯರ ಸಾಲಿನಲ್ಲಿ ಬೇಡ, ಸೌಂಡ್ ಮಿಕ್ಸರಿನ ಪಕ್ಕದಲ್ಲೇ ಜಾಗ ಕೇಳಿ ಪಡೆಯಲಿ. ಎಂಜಿನಿಯರ್ ಸದ್ದನ್ನು ಹದ ಮಾಡುವುದು ಅಲ್ಲಿ ಕೇಳಿಸಿದಂತೆ.

— ಒಬ್ಬ ಓದುಗ, ಬೆಂಗಳೂರು