ಪಂಜರದ ಹಕ್ಕಿಗೆ ಕಾಯಿಲೆ ಬಂದರೆ ಮಂಡ್ಯದವರು ಎಲ್ಲಿಗೆ ಹೋಗಬೇಕು?

ಮಾನ್ಯ ಸಂಪಾದಕರೇ,

ನಾನು ಮಂಡ್ಯದ ಗುತ್ತಲು ರಸ್ತೆಯಲ್ಲಿ ಬ್ಲೌಸ್ ಹೊಲಿಯುವವಳು. ಮಗ ಕಾಲೇಜಿನಲ್ಲಿದ್ದಾಗ ಒಂದು ಜೋಡಿ ಕಾಕಟೀಲ್ ತಂದಿದ್ದ. ಗಿಣಿ ಜಾತಿಯ, ತಲೆ ಮೇಲೆ ಜುಟ್ಟಿರುವ ಸಣ್ಣ ಹಕ್ಕಿ ಇದು. ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಹಕ್ಕಿಗಳು ನನ್ನ ಹೊಲಿಗೆ ಮಿಷನ್ ಪಕ್ಕದಲ್ಲಿವೆ. ಬೂದು ಬಣ್ಣದ ಗಂಡಿನ ಹೆಸರು ಗುಂಡ, ತಿಳಿಹಳದಿ ಹೆಣ್ಣಿನ ಹೆಸರು ಬೆಣ್ಣೆ. ಅಳತೆ ಕೊಡಲು ಬರುವ ಹೆಂಗಸರು ಮೊದಲು ಇವನ್ನೇ ಮಾತಾಡಿಸುತ್ತಾರೆ. ಹಾಗಾಗಿ ನಮ್ಮ ಸುತ್ತಮುತ್ತ ಯಾರ ಮನೆಯಲ್ಲಿ ಯಾವ ಹಕ್ಕಿ ಇದೆ, ಯಾವುದಕ್ಕೆ ಏನಾಗಿದೆ ಅನ್ನುವುದು ನನಗೆ ಸ್ವಲ್ಪ ಜಾಸ್ತಿಯೇ ಗೊತ್ತು. ಬಹಳ ಜನ ಕೇಳುವುದು ಒಂದೇ: 'ಗರಿ ಉದುರ್ತಾ ಇದೆ ಅಕ್ಕ, ಯಾರಿಗೆ ತೋರ್ಸೋದು?'

ಈ ಪ್ರಶ್ನೆಗೆ ಮಂಡ್ಯದಲ್ಲಿ ನನಗೆ ಉತ್ತರ ಸಿಕ್ಕಿಲ್ಲ. ನಮ್ಮ ಜಿಲ್ಲಾ ಕೇಂದ್ರದ ಪಶು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನವಾದರೂ ಸಾಕುಹಕ್ಕಿಗಳನ್ನು ನೋಡುವ ವ್ಯವಸ್ಥೆ ಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ.

ಗರಿ ಉದುರಿದ್ದಕ್ಕೆಲ್ಲ ಡಾಕ್ಟರಾ ಎಂದು ನಗುವವರಿದ್ದಾರೆ. ಉದುರುವ ಗರಿಗಳಲ್ಲಿ ಎಷ್ಟು ಬಗೆ ಇದೆ ಎಂದು ತಿಳಿದರೆ ನಗುವುದಿಲ್ಲ. ಕಾಕಟೀಲ್‌ಗಳು ವರ್ಷಕ್ಕೆ ಒಂದೆರಡು ಸಲ ಹಳೇ ಗರಿ ಬಿಟ್ಟು ಹೊಸದು ಹಾಕಿಕೊಳ್ಳುತ್ತವೆ. ಆಗ ಪಂಜರದ ತಳದ ತುಂಬ ಗರಿ. ತಲೆ ಮೇಲೆ ಮುಳ್ಳಿನಂಥ ಮೊಳಕೆಗಳು ಏಳುತ್ತವೆ. ಇದು ಕಾಯಿಲೆಯಲ್ಲ. ಆದರೆ ಆ ಹೊಸ ಗರಿಯ ಬುಡದಲ್ಲಿ ರಕ್ತ ಓಡುತ್ತಿರುತ್ತದೆ. ಎಲ್ಲಿಗಾದರೂ ಬಡಿದು ಮುರಿದರೆ ರಕ್ತ ಸೋರುತ್ತದೆ. ಇಷ್ಟು ಚಿಕ್ಕ ಹಕ್ಕಿಗೆ ಅದು ಹುಡುಗಾಟವಲ್ಲ.

ನಮ್ಮ ಬೆಣ್ಣೆಗೆ ಜುಟ್ಟಿನ ಹಿಂದೆ ಬೋಳು ಇದೆ. ನೋಡಿದವರೆಲ್ಲ 'ಅಯ್ಯೋ, ಹುಳುಕಡ್ಡಿ' ಅನ್ನುತ್ತಾರೆ. ಅದು ಹುಳುಕಡ್ಡಿಯೂ ಅಲ್ಲ, ಏನೂ ಅಲ್ಲ. ಲುಟಿನೋ ಎನ್ನುವ ಈ ಹಳದಿ ತಳಿಯಲ್ಲಿ ಹುಟ್ಟಿನಿಂದಲೇ ಅಲ್ಲಿ ಗರಿ ಕಡಿಮೆ. ಎಣ್ಣೆ ಹಚ್ಚಿದರೂ ಬರುವುದಿಲ್ಲ. ಎಣ್ಣೆ ಹಚ್ಚಲೂಬಾರದು, ಗರಿಗೆ ಅಂಟಿಕೊಂಡು ಹಕ್ಕಿಗೆ ಚಳಿಯಾಗುತ್ತದೆ.

ಗುಂಡನದು ಬೇರೆ ಕಥೆ. ಅವನು ರೆಕ್ಕೆಯ ಒಳಭಾಗವನ್ನು ತಾನೇ ಕಿತ್ತುಕೊಳ್ಳಲು ಶುರು ಮಾಡಿದ. ಕೀಳುವಾಗ ಒಂದು ಥರ ಕಿರುಚುತ್ತಿದ್ದ, ಆದರೂ ಬಿಡುತ್ತಿರಲಿಲ್ಲ. ಜುಟ್ಟಿನ ಹತ್ತಿರ ಒಂದು ಗರಿಯೂ ಹೋಗಿರಲಿಲ್ಲ. ಕೊಕ್ಕು ಎಟುಕದ ತಲೆಯಲ್ಲಿ ಗರಿ ಸರಿಯಾಗಿದ್ದು ಮೈ ಮಾತ್ರ ಬೋಳಾಗುತ್ತಿದ್ದರೆ ಹಕ್ಕಿ ತಾನೇ ಕೀಳುತ್ತಿದೆ ಎಂದು ಲೆಕ್ಕ. ತಲೆಯೇ ಬೋಳಾದರೆ ಜೊತೆಯ ಹಕ್ಕಿ ಕಿತ್ತಿರಬಹುದು, ಇಲ್ಲವೇ ಬೇರೆ ಕಾಯಿಲೆ ಇರಬಹುದು.

ಹಕ್ಕಿ ಮಾರುವ ಅಂಗಡಿಯೊಂದರಲ್ಲಿ ಕೇಳಿದೆ. ಹಕ್ಕಿಯನ್ನು ನೋಡಲೇ ಇಲ್ಲ. ಹಳದಿ ಪುಡಿಯ ಪೊಟ್ಟಣ ಕೊಟ್ಟು 'ನೀರಿಗೆ ಹಾಕಿ, ಎರಡಕ್ಕೂ ಕುಡಿಸಿ' ಅಂದರು. ಪೊಟ್ಟಣದ ಮೇಲೆ ಔಷಧದ ಹೆಸರಿಲ್ಲ, ತಾರೀಖಿಲ್ಲ. ಒತ್ತಿ ಕೇಳಿದ್ದಕ್ಕೆ 'ಆಂಟಿಬಯಾಟಿಕ್ ಮೇಡಂ, ಎಲ್ಲದಕ್ಕೂ ಆಗುತ್ತೆ' ಎಂದರು. ಹೆಸರಿಲ್ಲದ್ದನ್ನು ನಾನು ನೀರಿಗೆ ಹಾಕಲಿಲ್ಲ. ಎಷ್ಟೋ ಮನೆಗಳಲ್ಲಿ ಹಾಕುತ್ತಿದ್ದಾರೆ. ಕಾಕಟೀಲ್ ಆಸ್ಟ್ರೇಲಿಯಾದ ಒಣ ಒಳನಾಡಿನ ಹಕ್ಕಿ. ಕುಡಿಯುವುದೇ ಕಡಿಮೆ. ನೀರು ಕಹಿಯಾದರೆ ಇನ್ನೂ ಕಡಿಮೆ ಕುಡಿಯುತ್ತದೆ. ಔಷಧ ಎಷ್ಟು ಒಳಗೆ ಹೋಯಿತು ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಮನುಷ್ಯರಿಗೆ ಚೀಟಿ ಇಲ್ಲದೆ ಕೊಡಬಾರದ ಔಷಧವನ್ನು ಹಕ್ಕಿಗೆ ಹೀಗೆ ಚಮಚದ ಲೆಕ್ಕದಲ್ಲಿ ಮಾರುವುದು ಸರಿಯಾ? ಸಾಕುಪ್ರಾಣಿ ಅಂಗಡಿಗಳು ನೋಂದಣಿ ಮಾಡಿಸಿರಬೇಕು ಎಂದು 2018ರಿಂದ ಕೇಂದ್ರದ ನಿಯಮವೇ ಇದೆ. ಅದನ್ನು ಯಾರು ಪರಿಶೀಲಿಸುತ್ತಿದ್ದಾರೋ!

ಪಶು ಆಸ್ಪತ್ರೆಯೊಂದಕ್ಕೂ ಹೋದೆ. ಅಲ್ಲಿನ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಹಸು, ಬಂಡೂರು ಕುರಿ ಹಿಡಿದುಕೊಂಡು ರೈತರು ಕಾಯುತ್ತಿದ್ದರು. ಅವರಿಗೆ ಅದೇ ಜೀವನ. ಡಾಕ್ಟರು ನೇರವಾಗಿ ಹೇಳಿದರು: 'ಕೋಳಿ ಆದರೆ ನೋಡ್ತೀನಮ್ಮ, ಈ ಹಕ್ಕಿಗೆ ಡೋಸ್ ಕೊಡೋಕೆ ನನ್ನ ಹತ್ತಿರ ಸಣ್ಣ ತಕ್ಕಡಿಯೂ ಇಲ್ಲ.' ನಿಜ ತಾನೆ? ಬೆಳೆದ ಕಾಕಟೀಲ್ ತೂಗುವುದು ಸುಮಾರು 80ರಿಂದ 100 ಗ್ರಾಂ. ಅದರಲ್ಲಿ 10 ಗ್ರಾಂ ಇಳಿಯುವುದೆಂದರೆ ನನ್ನಂಥವಳು ಆರೇಳು ಕೆಜಿ ಇಳಿದ ಹಾಗೆ. ಗರಿಯೊಳಗೆ ಅದು ಕಣ್ಣಿಗೆ ಕಾಣುವುದಿಲ್ಲ. ಕಾಯಿಲೆಯಾದರೆ ಹಕ್ಕಿ ಅದನ್ನು ಮುಚ್ಚಿಡುತ್ತದೆ. ಮೈ ಉಬ್ಬಿಸಿ ಪಂಜರದ ತಳದಲ್ಲಿ ಕೂತಿದೆ, ಉಸಿರಿಗೊಮ್ಮೆ ಬಾಲ ಕುಣಿಯುತ್ತಿದೆ ಅನ್ನುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ.

ಕೊನೆಗೆ ಮೈಸೂರಿನ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಹೋದೆ. ರೈಲಿನಲ್ಲಿ ಪಂಜರಕ್ಕೆ ದುಪ್ಪಟ ಹೊದಿಸಿಕೊಂಡು ಹೋದೆ. ಬಸ್ಸಿಗೆ ಧೈರ್ಯ ಸಾಲಲಿಲ್ಲ. 2024ರಲ್ಲಿ ಬೆಂಗಳೂರು-ಮೈಸೂರು ಬಸ್ಸಿನಲ್ಲಿ ಒಬ್ಬ ಅಜ್ಜಿ ಮತ್ತು ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋದರು, ಅವರ ನಾಲ್ಕು ಹಕ್ಕಿಗಳಿಗೆ ಮಾತ್ರ 444 ರೂಪಾಯಿ ಟಿಕೆಟ್ ಹರಿದರು. ಸುದ್ದಿ ಓದಿ ನಾವೆಲ್ಲ ನಕ್ಕಿದ್ದೆವು, ನೆನಪಿದೆ ಅಲ್ವಾ?

ಆ ಡಾಕ್ಟರು ಮೊದಲು ಗುಂಡನನ್ನು ತೂಕಕ್ಕೆ ಹಾಕಿದರು. ಆಮೇಲೆ ಅವನು ಹಿಕ್ಕೆ ಹಾಕುವವರೆಗೆ ಕಾದರು. ಬಿದ್ದ ತಕ್ಷಣ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಜಿಯಾರ್ಡಿಯಾ ಅಂತೆ, ಕರುಳಿನಲ್ಲಿರುವ ಒಂದು ಸೂಕ್ಷ್ಮಜೀವಿ. ಕಾಕಟೀಲ್‌ಗಳಲ್ಲಿ ಅದರಿಂದ ಮೈ ಕೆರೆತ ಬಂದು ರೆಕ್ಕೆ ಒಳಗೆ, ತೊಡೆ ಹತ್ತಿರ ಕಿತ್ತುಕೊಳ್ಳುವುದುಂಟು. ಆರಿದ ಹಿಕ್ಕೆಯಲ್ಲಿ ಆ ಜೀವಿ ಸುಲಭಕ್ಕೆ ಸಿಗುವುದಿಲ್ಲ. ಮನೆಯಿಂದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತೇನೆ ಅನ್ನುವವರು ಇದನ್ನು ಗಮನಿಸಬೇಕು. ಒಂದು ಸಲ ಸಿಗಲಿಲ್ಲ ಎಂದರೆ ಇಲ್ಲವೇ ಇಲ್ಲ ಎಂದೂ ಅಲ್ಲ. ತೂಕ ನೋಡಿ ಹನಿ ಲೆಕ್ಕದಲ್ಲಿ ಔಷಧ ಕೊಟ್ಟರು. ಕುದಿಸಿ ಆರಿಸಿದ ನೀರು ಕೊಡಿ, ನೀರಿನ ಬಟ್ಟಲಿಗೆ ಹಿಕ್ಕೆ ಬೀಳದ ಹಾಗೆ ಇಡಿ ಎಂದರು. ಬರೀ ನವಣೆ, ಸೂರ್ಯಕಾಂತಿ ಬೀಜದಲ್ಲಿ ಎ ವಿಟಮಿನ್ ಸಾಲುವುದಿಲ್ಲ, ಚರ್ಮವೂ ಗರಿಯೂ ಕೆಡುತ್ತವೆ ಎಂದು ಬೈದರು. ಈಗ ನುಗ್ಗೆಸೊಪ್ಪು, ಕ್ಯಾರೆಟ್ ತುರಿ ಕೊಡುತ್ತಿದ್ದೇನೆ. ಬೆಣ್ಣೆ ತಿನ್ನುತ್ತಾಳೆ, ಗುಂಡ ಎಸೆಯುತ್ತಾನೆ. ಅವನು ಕೀಳುವುದು ನಿಂತಿದೆ. ಎಡರೆಕ್ಕೆಯ ಕೆಳಗೆ ಒಂದು ಕಡೆ ಗರಿ ಇನ್ನೂ ಬಂದಿಲ್ಲ, ಬರದೆಯೂ ಇರಬಹುದು.

ಕಾರು ಇರುವವರು ಮೈಸೂರಿಗೋ ಬೆಂಗಳೂರಿಗೋ ಹೋಗಿ ಬರುತ್ತಾರೆ. ನನಗೆ ಒಂದು ದಿನ ಅಂಗಡಿ ಮುಚ್ಚಿದರೆ ಆ ದಿನದ ದುಡಿಮೆ ಇಲ್ಲ. ಮೊಟ್ಟೆ ಸಿಕ್ಕಿಕೊಂಡು ಒದ್ದಾಡುವ ಹೆಣ್ಣು ಹಕ್ಕಿಗೆ ಮೈಸೂರು ಮುಟ್ಟುವಷ್ಟು ಹೊತ್ತೂ ಇರುವುದಿಲ್ಲ.

ಇದು ಹಕ್ಕಿ ಸಾಕುವವರ ಶೋಕಿಯ ವಿಷಯ ಎಂದು ಇಲಾಖೆಯವರು ಪಕ್ಕಕ್ಕಿಡಬಾರದು. ಸಿಟಾಕೋಸಿಸ್ ಎಂಬ ಕಾಯಿಲೆ ಹಕ್ಕಿಯಿಂದ ಮನುಷ್ಯರಿಗೂ ಬರುತ್ತದೆ. ಒಣಗಿದ ಹಿಕ್ಕೆಯ ದೂಳು ಉಸಿರಿಗೆ ಹೋದರೆ ಜ್ವರ, ತಲೆನೋವು, ಒಣಕೆಮ್ಮು, ಕೆಲವರಿಗೆ ನ್ಯುಮೋನಿಯಾ. ಕಾಕಟೀಲ್‌ಗಳಲ್ಲಿ ಅದು ಅಪರೂಪವೇನಲ್ಲ, ಹೊರಗೆ ಏನೂ ಕಾಣಿಸದೆಯೂ ಇರಬಹುದು. ಔಷಧ ಇದೆ, ವಾಸಿಯಾಗುತ್ತದೆ. ಆದರೆ ಜ್ವರ ಬಂದವರಿಗೆ 'ಮನೆಯಲ್ಲಿ ಹಕ್ಕಿ ಇದೆಯಾ' ಎಂದು ಎಷ್ಟು ಡಾಕ್ಟರು ಕೇಳುತ್ತಾರೆ? ನಾವಾಗಿಯೇ ಹೇಳಬೇಕು.

ಕೆಲವರು ಆಸ್ಪತ್ರೆಗೆ ಬರಲು ಹೆದರುವುದಕ್ಕೆ ಇನ್ನೊಂದು ಕಾರಣ ಅರಣ್ಯ ಇಲಾಖೆ. ನಮ್ಮ ಊರಿನ ಹಸಿರು ಗಿಣಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ ಕಾಕಟೀಲ್‌ಗೆ ಆ ತೊಂದರೆ ಇಲ್ಲ. ಇದನ್ನು ಆಸ್ಪತ್ರೆ ಗೋಡೆ ಮೇಲೆ ಬರೆದು ಹಾಕಿದರೆ ಸಾಕು.

ನಾನು ಹೊಸ ಕಟ್ಟಡ ಕೇಳುತ್ತಿಲ್ಲ. ಗ್ರಾಂ ತೂಗುವ ಒಂದು ತಕ್ಕಡಿ, ಒಂದು ಸೂಕ್ಷ್ಮದರ್ಶಕ, ಹಕ್ಕಿಗಳ ಬಗ್ಗೆ ತರಬೇತಿ ಪಡೆದ ಒಬ್ಬ ಡಾಕ್ಟರು. ತರಬೇತಿಗೆ ದೂರವೇನೂ ಹೋಗಬೇಕಿಲ್ಲ. 1892ರಿಂದ ನಡೆಯುತ್ತಿರುವ ಮೈಸೂರು ಮೃಗಾಲಯದಲ್ಲಿ ಹಕ್ಕಿಗಳನ್ನು ನೋಡಿಕೊಂಡು ಅನುಭವ ಇರುವವರಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಪುಕ್ಕಟೆ ನೋಡಿ ಎಂದೂ ಕೇಳುವುದಿಲ್ಲ, ಚೀಟಿಗೆ ಇಷ್ಟು ಎಂದು ಇಡಲಿ, ಕೊಡುತ್ತೇವೆ. ವಾರದಲ್ಲಿ ಯಾವ ದಿನ ಎನ್ನುವುದು ಅವರಿಗೆ ಬಿಟ್ಟದ್ದು. ಮಂಗಳವಾರವಾದರೆ ನನಗೆ ಅನುಕೂಲ, ಅವತ್ತು ಅಂಗಡಿಗೆ ರಜೆ.

ಇಂತಿ,
ಒಬ್ಬ ಓದುಗಿ
ಗುತ್ತಲು ರಸ್ತೆ, ಮಂಡ್ಯ