ಅಡಿಕೆ ಬಿಟ್ಟು ಚೀಲ ನೋಡಿದ ಕಥೆ

ಸೋಮವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಫೋನ್ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿದ್ದಾಯಿತು. ಹೇಳಲೇಬೇಕಾದ ಕೆಲವರಿಗೆ ಮಾತ್ರ ಇನ್ನೂ ಹೇಳಿಲ್ಲ.

‘ಆರು ವರ್ಷ ಏನು ಓದಿದೆ ಮಾರಾಯ?’ ಅಂತ ತೀರ್ಥಹಳ್ಳಿ ಬಸ್ಸಿನಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು. ಆರ್‌ಎನ್‌ಎ ಅಂದರೆ ಜೀವಕೋಶದೊಳಗಿನ ಒಂದು ಉದ್ದ ದಾರ, ಎ, ಯು, ಜಿ, ಸಿ ಅನ್ನೋ ನಾಲ್ಕೇ ಅಕ್ಷರ ಮತ್ತೆ ಮತ್ತೆ ಪೋಣಿಸಿದ್ದು. ಯಾವ ಪ್ರೋಟೀನ್ ಅದರ ಯಾವ ಜಾಗಕ್ಕೆ ಅಂಟುತ್ತದೆ ಅಂತ ಕಂಪ್ಯೂಟರಿನಲ್ಲಿ ಊಹಿಸುವುದು ನನ್ನ ಕೆಲಸ. ಪ್ಯುಮಿಲಿಯೊ ಅನ್ನೋ ಪ್ರೋಟೀನ್ ಪಾಪದ್ದು, ‘ಯುಜಿಯುಎ’ ಅಂತ ಶುರುವಾಗುವ ಎಂಟಕ್ಷರ ಕಂಡರೆ ಹಿಡಿದುಕೊಳ್ಳುತ್ತದೆ. ಕೆಲವಕ್ಕೆ ಅಕ್ಷರ ಸಾಲದು, ದಾರ ಹೇಗೆ ಮಡಚಿದೆ ಅನ್ನೋದೂ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಆರ್‌ಎನ್‌ಎಯದೇ, ಸುಮಾರು 11 ಸಾವಿರ ಅಕ್ಷರ. ಅದರ ಆಸೆಗೆ ಈ ದಾರಿ ಹಿಡಿದೆ. ಅದನ್ನಿನ್ನೂ ಮುಟ್ಟಿಲ್ಲ, ಅದು ಬೇರೆ ಮಾತು.

ಪ್ರೋಟೀನ್ ಅಂಟಿದ ಮತ್ತು ಅಂಟದ ತುಣುಕುಗಳನ್ನು ತೋರಿಸಿ, ಊಹಿಸೋಕೆ ಕಂಪ್ಯೂಟರಿಗೆ ಕಲಿಸಿದ ಪ್ರೋಗ್ರಾಮೇ ನನ್ನ ಮಾಡೆಲ್. ನಾಲ್ಕನೇ ವರ್ಷದ ಮಳೆಗಾಲದಲ್ಲಿ ಅದು ಭರ್ಜರಿ ಅಂಕ ತೆಗೆಯಿತು. ಊರಲ್ಲೇ ಕೂತು ಪೇಪರ್ ಬರೆಯುತ್ತಿದ್ದೆ. ಲ್ಯಾಬಿನ ಜೂನಿಯರ್ ಹುಡುಗಿ ಫೋನ್ ಮಾಡಿದಳು. ‘ಅಣ್ಣಾ, ಅಂಟದಿರೋ ತುಣುಕುಗಳನ್ನ ಎಲ್ಲಿಂದ ತಗೊಂಡ್ರಿ?’

ಸಿಟ್ಟು ಬಂತು. ಫೋನ್ ಇಟ್ಟುಬಿಟ್ಟೆ.

ರಾತ್ರಿ ತೆಗೆದು ನೋಡಿದರೆ ಅವಳ ಅನುಮಾನವೇ ನಿಜ. ಪ್ರೋಟೀನ್ ಅಂಟಿದ ತುಣುಕುಗಳು ಹೆಚ್ಚಾಗಿ ಆರ್‌ಎನ್‌ಎಯ ಬಾಲದ ಕಡೆಯವು, ಅಲ್ಲಿ ಎ ಮತ್ತು ಯು ಜಾಸ್ತಿ. ಅಂಟದವನ್ನು ನಾನು ಸುಮ್ನೆ ಕಂಡಕಂಡಲ್ಲಿಂದ ಹೆಕ್ಕಿದ್ದೆ. ಹಸ ಅನ್ನೋ ಮೇಲ್ದರ್ಜೆ ಅಡಿಕೆಯನ್ನೆಲ್ಲ ಹೊಸ ಚೀಲಕ್ಕೆ, ಗೊರಬಲು ಅನ್ನೋ ಕೆಳದರ್ಜೆಯದನ್ನೆಲ್ಲ ಹಳೇ ಚೀಲಕ್ಕೆ ತುಂಬಿಟ್ಟು, ಹೊಸಬನನ್ನು ಕರೆದು ಅಡಿಕೆ ಗುರುತಿಸು ಅಂದ ಹಾಗಾಗಿತ್ತು. ಅವನು ಚೀಲ ನೋಡಿಯೇ ಸರಿ ಹೇಳುತ್ತಾನೆ, ಅಲ್ವಾ? ನನ್ನ ಮಾಡೆಲ್ಲೂ ಎ, ಯು ಜಾಸ್ತಿ ಇದೆಯಾ ಅಂತ ನೋಡಿಯೇ ಹೇಳುತ್ತಿತ್ತು. ಬೇರೆ ಪ್ರೋಟೀನುಗಳು ಅಂಟಿದ ಜಾಗಗಳನ್ನೇ ‘ಅಂಟದವು’ ಅಂತ ಕೊಟ್ಟು ಮತ್ತೆ ಕಲಿಸಿದೆ. ಅಂಕ ಧಡಕ್ಕನೆ ಬಿತ್ತು.

ಗೈಡ್ ಮೇಡಂ ಬೈಯಲಿಲ್ಲ. ‘ಬಿದ್ದ ಅಂಕವನ್ನೇ ಬರಿ’ ಅಂದರು. ಒಂದೂವರೆ ವರ್ಷ ಜಾಸ್ತಿ ಹಿಡಿಯಿತು. ಅಷ್ಟೂ ದಿನ ಫೆಲೋಶಿಪ್ ಇರಲಿಲ್ಲ. ಅಪ್ಪಯ್ಯ ‘ಯಾವಾಗ ಮುಗಿಯುತ್ತೆ’ ಅಂತ ಒಂದು ಸಲವೂ ಕೇಳಲಿಲ್ಲ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋಕೆ ಜನ ಸಿಗದೆ ಒದ್ದಾಡುವಾಗಲೂ ನನ್ನನ್ನು ತೋಟಕ್ಕೆ ಕರೆಯಲಿಲ್ಲ.

ಮೇಲಿನ ಮನೆ ಚಿಕ್ಕಮ್ಮನನ್ನು ಬಿಟ್ಟರೆ ಈ ಬರಹವೇ ಸುಳ್ಳು. ನೆಟ್‌ವರ್ಕ್ ಸಿಗುತ್ತಿದ್ದುದು ಅವರ ಜಗಲಿಯ ಮೂಲೆಯಲ್ಲಿ ಮಾತ್ರ. ಲ್ಯಾಪ್‌ಟಾಪ್ ಅಲ್ಲೇ ಇಟ್ಟು ನಾನು ಊಟಕ್ಕೆ ಬರುತ್ತಿದ್ದೆ. ಕರೆಂಟ್ ಹೋಗಿ ಮೋಡೆಮ್ಮಿನ ದೀಪ ಆರಿದರೆ ಅಂಗಳದ ತುದಿಗೆ ಬಂದು, ಮಳೆಯ ಸದ್ದಿಗಿಂತ ಜೋರಾಗಿ ಕೂಗುತ್ತಿದ್ದರು: ‘ನಿನ್ನ ಹಸಿರು ದೀಪ ಹೋಯ್ತು ಕಣೋ!’ ಅದು ಯಾತರ ದೀಪ ಅಂತ ಇವತ್ತಿಗೂ ಅವರಿಗೆ ಗೊತ್ತಿಲ್ಲ.

ವೈವಾದಲ್ಲಿ ಬಂದ ಮೊದಲ ಪ್ರಶ್ನೆಯೂ ಅದೇ, ಅಂಟದ ತುಣುಕು ಎಲ್ಲಿಂದ ತಂದೆ ಅಂತ. ಹಿಂದಿನ ಬೆಂಚಿನಲ್ಲಿ ಜೂನಿಯರ್ ತಲೆ ತಗ್ಗಿಸಿ ನಗುತ್ತಿದ್ದಳು.

ತಂಗೀ, ಅವತ್ತು ಫೋನ್ ಇಟ್ಟಿದ್ದು ತಪ್ಪಾಯ್ತು. ಭಾನುವಾರ ಮನೆಗೆ ಬಾ, ಅಮ್ಮ ಕಳಲೆ ಪಲ್ಯ ಮಾಡುತ್ತಾಳೆ. ಕೊಡೆ ಮರೆಯಬೇಡ.